ನಾಲ್ಕನೇ ಕಂಬದ ಹತ್ತಿರ

"ಬೊಕೆ ಹಿಡ್ಕೊಂಡ ಹಾಗೆ ಹಿಡ್ಕೋ ತಸ್ಲೀಮಾ," ಎಂದರು ನುಸ್ರತ್ ಮೇಡಂ. "ಈಗ ಸ್ಮೈಲ್ ಮಾಡು."

ತಸ್ಲೀಮಾ ಪ್ಲಾಸ್ಟಿಕ್ ಮೀನನ್ನು ಎದೆಗವಚಿಕೊಂಡು ನಕ್ಕಳು.

ಮೀನನ್ನು ಹಾಗೆ ಯಾರೂ ಹಿಡಿಯುವುದಿಲ್ಲ. ಕಿವಿರಿನೊಳಗೆ ಎರಡು ಬೆರಳು ತೂರಿಸಿ ಹಿಡಿಯುತ್ತಾರೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಐದನೇ ಕ್ಲಾಸಿನವರೆಲ್ಲ ಕೇಳುತ್ತಾರೆ. ಅಮ್ಮ ಬಿಸಿನೆಸ್ ಮಾಡುತ್ತಾಳೆ ಎಂದು ಅವಳು ಎರಡು ವರ್ಷದಿಂದ ಹೇಳಿಕೊಂಡು ಬಂದಿದ್ದಳು. ಯಾವ ಬಿಸಿನೆಸ್ ಎಂದು ಹೇಳಿರಲಿಲ್ಲ.

ಶ್ರೀನಗರದಲ್ಲಿ ಝೇಲಂ ನದಿಯ ಮೇಲಿದ್ದ ಆ ಹಳೆಯ ಸೇತುವೆ ಮರದ್ದು. ನಡೆದರೆ ಕಿರುಗುಟ್ಟುತ್ತಿತ್ತು. ಕೆಲವು ವರ್ಷದ ಹಿಂದೆ ಅದನ್ನು ಕಿತ್ತು ಸಿಮೆಂಟಿನದು ಕಟ್ಟಿದರು. ಸಿಮೆಂಟು ಈ ಊರಿಗೆ ಒಪ್ಪುವುದಿಲ್ಲ ಎಂದು ಎರಡು ತಿಂಗಳ ಹಿಂದೆ ಯಾರೋ ದೊಡ್ಡವರು ಅಂದರಂತೆ. ಅದಕ್ಕೇ ಸಿಮೆಂಟಿಗೆ ಮರದ ಬಣ್ಣ ಬಳಿದರು, ಗಂಟುಗಳ ಸಮೇತ. ಹೂಕುಂಡ ಬಂತು, ಬೆಂಚು ಬಂತು, ಸೆಲ್ಫಿ ಪಾಯಿಂಟ್ ಬಂತು. ಸೇತುವೆಯ ಮೇಲೆ ಕೂತು ಮೀನು ಮಾರುತ್ತಿದ್ದ ಹೆಂಗಸರು ಮಾತ್ರ ಜಾಗ ಬಿಡಬೇಕಾಯಿತು. ವಾಸನೆಯಂತೆ. ಅವರಿಗೆ ಪಾರ್ಕಿಂಗ್ ಹಿಂದೆ, ಟಾಯ್ಲೆಟ್ ಪಕ್ಕದಲ್ಲಿ ಜಾಗ ತೋರಿಸಿದರು. ಅಲ್ಲಿಯ ವಾಸನೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ತಸ್ಲೀಮಾಳ ಅಮ್ಮ ಹಲೀಮಾ ಕೂರುತ್ತಿದ್ದದ್ದು ನಾಲ್ಕನೇ ದೀಪದ ಕಂಬದ ಬುಡದಲ್ಲಿ. ಅಲ್ಲಿ ಮೊದಲು ಅಜ್ಜಿ ಕೂರುತ್ತಿದ್ದಳು, ಅವಳಿಗೂ ಮುಂಚೆ ಅವಳ ಅಮ್ಮ. ಯಾರೂ ಬರೆದುಕೊಟ್ಟದ್ದಲ್ಲ. ಬೇರೆಯವಳು ಬಂದು ಕೂತರೆ ಮಾತ್ರ ನದಿಯಲ್ಲಿದ್ದ ಮೀನೂ ಕಿವಿ ಮುಚ್ಚಿಕೊಳ್ಳುವಂಥ ಬೈಗುಳ. ಈಗ ಹಲೀಮಾ ದಿನಾ ಅರ್ಧ ಬುಟ್ಟಿ ಮೀನನ್ನು ವಾಪಸ್ ಹೊತ್ತು ತರುತ್ತಿದ್ದಳು. ಇನ್ನೊಂದು ವಾರ ಹೀಗೇ ಆದರೆ ಬುಟ್ಟಿ ಮೂಲೆಗಿಟ್ಟು ಯಾರದಾದರೂ ಮನೆಯಲ್ಲಿ ಪಾತ್ರೆ ತೊಳೆಯುತ್ತೇನೆ ಎಂದಿದ್ದಳು.

ಇತ್ತ ಉದ್ಘಾಟನೆಗೆ 'ನಮ್ಮ ಸಂಸ್ಕೃತಿ' ಬೇಕಾಯಿತು. ಸ್ಕೂಲಿನಿಂದ ಒಬ್ಬ ದೋಣಿಯವನು, ಒಬ್ಬಳು ರೊಟ್ಟಿಯವಳು, ಒಬ್ಬಳು ಮೀನಿನವಳು ಆಯ್ಕೆಯಾದರು. ಕಿವಿಗೆ ಬೆಳ್ಳಿಬಣ್ಣದ ಜುಮುಕಿ ಚೆನ್ನಾಗಿ ಒಪ್ಪುತ್ತದೆಂದು ತಸ್ಲೀಮಾ ಮೀನಿನವಳಾದಳು. ಇಸ್ತ್ರಿ ಹಾಕಿದ ಫೆರನ್ ನಿಲುವಂಗಿ ತೊಡಿಸಿ, ಹೊಳೆಯುವ ಟಬ್ಬಿನ ಮುಂದೆ ಕೂರಿಸಿದರು. ನಾಲ್ಕನೇ ಕಂಬದ ಬುಡದಲ್ಲೇ. ಟಬ್ಬಿನಲ್ಲಿ ದಿಲ್ಲಿಯಿಂದ ತರಿಸಿದ ಆರು ಪ್ಲಾಸ್ಟಿಕ್ ಮೀನು. ಹಳದಿ ಪಟ್ಟೆಯ ಸಮುದ್ರದ ಮೀನು.

ಉದ್ಘಾಟನೆಗೆ ಬಂದ ದೊಡ್ಡವರು ರಿಬ್ಬನ್ ಕತ್ತರಿಸಿದರು. ಮೀನು ಮಾರುವ ತಾಯಂದಿರೇ ಈ ಸೇತುವೆಯ ಜೀವ ಎಂದು ಇಪ್ಪತ್ತು ನಿಮಿಷ ಮಾತಾಡಿದರು. ಜೀವವನ್ನು ಟಾಯ್ಲೆಟ್ ಪಕ್ಕ ಇಟ್ಟಿರುವ ವಿಷಯ ಭಾಷಣದಲ್ಲಿ ಬರಲಿಲ್ಲ. ಆಮೇಲೆ ಮೈಕು ಹಿಡಿದುಕೊಂಡೇ ತಸ್ಲೀಮಾಳ ಪಕ್ಕ ಫೋಟೋಗೆ ನಿಂತರು.

ಅಷ್ಟರಲ್ಲಿ ಗಫಾರ್ ಕಾಕ ಬಂದರು. ಎಂಬತ್ತು ದಾಟಿದ ಮುದುಕರು, ಕಣ್ಣು ಮಂಜು. ಮೊಣಕಾಲು ನೋವೆಂದು ಮೂರು ತಿಂಗಳಿಂದ ಮನೆಯಲ್ಲೇ ಇದ್ದವರು. ಅದಕ್ಕೂ ಮುಂಚೆ ಪ್ರತಿ ಶುಕ್ರವಾರ ಕಂಬ ಎಣಿಸಿಕೊಂಡು ಬಂದು ಮೀನು ಕೊಳ್ಳುತ್ತಿದ್ದರು. ಈಗಲೂ ಎಣಿಸಿಕೊಂಡೇ ಬಂದರು. ಯಾರು ತಡೆದರೂ ಕೇಳದೆ ಕುಕ್ಕರಗಾಲಲ್ಲಿ ಕೂತು ಒಂದು ಮೀನನ್ನೆತ್ತಿ ಹೊಟ್ಟೆ ಒತ್ತಿದರು. ಕಿವಿರು ಬಿಡಿಸಲು ನೋಡಿದರು. ಅದು ಬಿಡಲಿಲ್ಲ.

"ಎಷ್ಟು ದಿನದ್ದೇ ಇದು, ಹಲೀಮಾ? ಸೌದೆ ಆಗಿದೆ."

ಜನ ನಕ್ಕರು. ಆಫೀಸರೊಬ್ಬರು, ಅದು ಬರೀ ಶೋಗೆ ತಾತ, ಮುಂದೆ ನಡೀರಿ ಎಂದರು.

"ಶೋನೋ ಗೀನೋ. ಹಲೀಮಾ ಎಲ್ಲಿ? ಸತ್ತುಹೋದಳಾ?"

ರೊಟ್ಟಿಯವಳಾಗಿ ನಿಂತಿದ್ದ ಶಾಜಿಯಾ ಬಗ್ಗಿ, ಹಲೀಮಾ ಯಾರೇ ಎಂದು ಪಿಸುಗುಟ್ಟಿದಳು. ತಸ್ಲೀಮಾ ಸುಮ್ಮನೆ ಕೂತರೆ ಅಲ್ಲಿಗೇ ಮುಗಿಯುತ್ತಿತ್ತು. ಕಾಕ ಮಾತ್ರ ಆ ಸೌದೆ ಮೀನನ್ನು ಹಿಡಿದುಕೊಂಡು ಕಾಯುತ್ತಲೇ ಇದ್ದರು.

"ಸತ್ತಿಲ್ಲ ಕಾಕ," ಎಂದಳು. ಹೊರಟದ್ದು ಥೇಟ್ ಅಮ್ಮನ ದನಿ. "ಪಾರ್ಕಿಂಗ್ ಹಿಂದೆ, ಟಾಯ್ಲೆಟ್ ಪಕ್ಕ ಕೂರಿಸಿದಾರೆ. ಅವಳು ನನ್ನಮ್ಮ. ಇದು ದಿಲ್ಲಿ ಮೀನು, ಬಿಸಾಕಿ. ಬೆಳಿಗ್ಗೆ ಹಿಡಿದದ್ದು ಅಲ್ಲಿದೆ."

ದೊಡ್ಡವರ ಕೈಯಲ್ಲಿದ್ದ ಮೈಕು ಅದನ್ನು ನದಿಯ ಎರಡೂ ದಡಕ್ಕೆ ಮುಟ್ಟಿಸಿತು.

ನುಸ್ರತ್ ಮೇಡಂ ಅವರ ಸ್ಮೈಲ್ ಇದ್ದಲ್ಲೇ ನಿಂತುಬಿಟ್ಟಿತು. ದೊಡ್ಡವರು ಒಂದು ಕ್ಷಣ ಕಣ್ಣು ಮಿಟುಕಿಸಿದರು. ಆಮೇಲೆ, ಎಂಥಾ ಆಕ್ಟಿಂಗ್ ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

ಕಾಕ ಒಬ್ಬರೇ ತಟ್ಟಲಿಲ್ಲ. ಕೈ ಚಾಚಿದರು. ತಸ್ಲೀಮಾ ಆ ಕೈ ಹಿಡಿದು ಎದ್ದಳು.

"ನೀನು ಮೀನಿನವಳ ಮಗಳಾ?" ಎಂದಳು ಶಾಜಿಯಾ.

"ಹೂಂ."

ಎರಡು ವರ್ಷ ಹೆದರಿದ್ದು ಇಷ್ಟಕ್ಕೆ. ಒಂದು ಹೂಂ, ಮುಗಿಯಿತು.

ಸೇತುವೆ ಇಳಿದು ಹೋಗುವಾಗ ಹಿಂದೆ ಮೀನು ಕೊಳ್ಳಲು ಚೀಲ ಹಿಡಿದ ಇಬ್ಬರು ಹೆಂಗಸರು ಬರುತ್ತಿದ್ದರು. ಇಬ್ಬರೇ.

ಹಲೀಮಾ ಮಗಳ ಜುಮುಕಿ, ಇಸ್ತ್ರಿಯ ಫೆರನ್ ಎಲ್ಲ ನೋಡಿದಳು. "ಯಾರ ಮದುವೆಯಿಂದ ಬಂದೆಯೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾಕನಿಗೆ ಮೀನು ತೋರಿಸಿದಳು. ಕಾಕ ಕಿವಿರು ಬಿಡಿಸಿದರು. ಕೆಂಪಗಿತ್ತು.

"ಅದನ್ನ ಹಿಡ್ಕೋ," ಎಂದಳು ಹಲೀಮಾ, ಚೂರಿ ಹುಡುಕುತ್ತಾ. "ಜಾರುತ್ತೆ, ಹುಷಾರು."

ಪಾರ್ಕಿಂಗಿನ ಅಂಚಿನಲ್ಲಿ ಶಾಜಿಯಾ, ದೋಣಿಯವನು, ಇನ್ನೂ ನಾಲ್ಕೈದು ಮಕ್ಕಳು ಬಂದು ನಿಂತಿದ್ದರು. ತಸ್ಲೀಮಾ ಅವರನ್ನು ನೋಡಿದಳು. ಕಿವಿರಿನೊಳಗೆ ಎರಡು ಬೆರಳು ತೂರಿಸಿ ಮೀನನ್ನೆತ್ತಿ ಹಿಡಿದಳು. ತಣ್ಣಗೆ, ಭಾರವಾಗಿತ್ತು. ನೀರು ಹೊಸ ಫೆರನ್ನಿನ ಮೇಲೆ ತೊಟ್ಟಿಕ್ಕುತ್ತಿದ್ದರೂ ಅವಳು ಕೈ ಕೆಳಗಿಳಿಸಲಿಲ್ಲ.