ನೀರು ಕುಡಿಯದ ಕಲ್ಲು

ಬಾಗಿಲು ಒಡೆಯಬೇಕಾಯಿತು. ಒಳಗೆ ಷವರ್ ಸುರಿಯುತ್ತಲೇ ಇತ್ತು. ಹೊಸ ಕಲ್ಲಿನ ನೆಲದ ಮೇಲೆ ದೊಡ್ಡಮ್ಮ ಅಡ್ಡಲಾಗಿ ಬಿದ್ದಿದ್ದರು. ತಲೆಯ ಬಳಿಯಿಂದ ಕೆಂಪು ನೀರು ಜಾಲರಿಯತ್ತ ಹರಿಯುತ್ತಿತ್ತು.

ಅದು ಸೋಮವಾರ ಬೆಳಿಗ್ಗೆ. ಬುಧವಾರ ಮಧ್ಯಾಹ್ನ ಅದೇ ಬಚ್ಚಲಿನ ಹೊಸ್ತಿಲಲ್ಲಿ ಕಲ್ಲು ಮೇಸ್ತ್ರಿ ಕೈಕಟ್ಟಿ ನಿಂತಿದ್ದ. ಮೂವತ್ತು ವರ್ಷ ಕಲ್ಲು ಕೂರಿಸಿದ ಕೈ. ಇನ್ನೊಂದು ಗಳಿಗೆಗೆ ಅದಕ್ಕೆ ಬೇಡಿ ಬೀಳುತ್ತದೆಯೋ ಏನೋ!

ಆ ಮನೆಯಲ್ಲಿ ಇದ್ದವರು ಅಕ್ಕತಂಗಿ ಇಬ್ಬರೇ. ಅಕ್ಕ ಮಕ್ಕಳನ್ನು ಗದರಿಸಿಯೇ ನಿವೃತ್ತಿಯಾದ ಹೆಡ್‌ಮಿಸ್ಸು. ತಂಗಿ ಆ ಗದರಿಕೆಯನ್ನು ಮನೆಯಲ್ಲೂ ಕೇಳಿ ಬೆಳೆದವರು. ಮೇಸ್ತ್ರಿ ಮೊದಲ ದಿನದಿಂದಲೂ ಅವರನ್ನು ದೊಡ್ಡಮ್ಮ, ಚಿಕ್ಕಮ್ಮ ಎಂದೇ ಕರೆಯುತ್ತಿದ್ದ. ಷವರಿಗೆ ಅಸಲಿ ಕಲ್ಲೇ ಬೇಕೆಂದು ದೊಡ್ಡಮ್ಮನ ಹಟ. ಒಂದೊಂದೇ ಹಲಗೆ ಮುಟ್ಟಿ ನೋಡಿ, ತಿಳಿ ಕೆನೆಬಣ್ಣದ್ದನ್ನು ಆರಿಸಿದ್ದರು. ಶನಿವಾರ ಕೆಲಸ ಮುಗಿದಿತ್ತು.

"ಇನ್ನೇನು ನೋಡ್ತೀರಾ ಮೇಡಂ?" ದೂರು ಕೊಟ್ಟ ಸೋದರಳಿಯ ಇನ್ಸ್‌ಪೆಕ್ಟರಮ್ಮನ ಎದುರು ಸಿಡಿದ. "ನೆಲಕ್ಕೆ ಜಾರೋ ಕಲ್ಲು ಹಾಕಿದಾನೆ. ಅತ್ತೆ ಸತ್ರೆ ಇವನೇ ಹೊಣೆ!"

"ಜಾರೋ ಕಲ್ಲಲ್ಲ," ಎಂದ ಮೇಸ್ತ್ರಿ. "ನೆಲದ್ದಕ್ಕೆ ಹೊಳಪು ಕೊಟ್ಟೇ ಇಲ್ಲ. ಕಾಲು ಹಿಡೀಲಿ ಅಂತ ಒರಟಾಗೇ ಬಿಟ್ಟಿದ್ದೆ."

ಇನ್ಸ್‌ಪೆಕ್ಟರಮ್ಮ ಚಪ್ಪಲಿ ಬಿಚ್ಚಿ ಒಳಗೆ ಕಾಲಿಟ್ಟರು. ಬಾಗಿಲ ಬಳಿ ಎರಡು ಹೆಜ್ಜೆ ಗಟ್ಟಿಯಾಗಿ ನಿಂತವು. ಮೂರನೆಯದು — ಸರ್ರನೆ ಜಾರಿತು! ನಲ್ಲಿ ಹಿಡಿದುಕೊಂಡರು.

"ನೋಡಿದ್ರಾ!" ಎಂದ ಸೋದರಳಿಯ.

"ನೋಡ್ದೆ. ಮೇಸ್ತ್ರಿ, ಇದರ ಮೇಲೆ ಏನು ಹಚ್ಚಿದೀರಿ?"

"ಏನೂ ಇಲ್ಲ ಮೇಡಂ. ಗೋಡೆಗೆ ಮಾತ್ರ ಸೀಲರ್ ಹೊಡೆದೆ, ಕಲೆ ಹೀರದೆ ಇರ್ಲಿ ಅಂತ. ಅದು ಹೊಳಪಿಂದು, ಒಣಗಿದ್ರೆ ಮೇಲೆ ಪೊರೆ ಕಟ್ಟುತ್ತೆ. ನೆಲಕ್ಕೆ ತಾಗಿಸಬಾರದು."

"ಉಳಿದದ್ದು?"

"ಅರ್ಧ ಡಬ್ಬ ಇಲ್ಲೇ ಕೊಟ್ಟು ಹೋದೆ."

ಡಬ್ಬ ಹಿತ್ತಿಲ ಬಾಗಿಲ ಹಿಂದೆ ಸಿಕ್ಕಿತು. ಪೂರ್ತಿ ಖಾಲಿ.

ಮೇಸ್ತ್ರಿ ಡಬ್ಬವನ್ನು ತಲೆಕೆಳಗು ಮಾಡಿ ನೋಡಿದ. "ಭಾನುವಾರ ಇವರಿಗೂ ದೊಡ್ಡಮ್ಮಂಗೂ ಜಗಳ ಆಗಿತ್ತಂತೆ," ಎಂದು ಸೋದರಳಿಯನ ಕಡೆ ತಿರುಗಿಬಿಟ್ಟ.

"ಕುಂಬಳಕಾಯಿ ಕಳ್ಳ ಅಂದ್ರೆ ಇವನು ಹೆಗಲು ಮುಟ್ಟಿಕೊಂಡ ಹಾಗಾಯ್ತು!" ಸೋದರಳಿಯನ ಮುಖ ಕೆಂಪಾಯಿತು. "ಇಬ್ಬರೇ ಯಾಕೆ ಇರ್ತೀರಾ, ನಮ್ಮನೆಗೆ ಬನ್ನಿ ಅಂದೆ. ಅತ್ತೆ ಬೈದ್ರು. ಅದಕ್ಕೆ ಜೀವ ತೆಗೀತೀನಾ?"

ಚಿಕ್ಕಮ್ಮ ಗೋಡೆಗೊರಗಿ ನಿಂತಿದ್ದರು. ತಲೆಗೆ ಸ್ಕಾರ್ಫ್ ಬಿಗಿದಿದ್ದರು.

"ಒಂದು ಚೊಂಬು ನೀರು ಕೊಡಿ," ಎಂದರು ಇನ್ಸ್‌ಪೆಕ್ಟರಮ್ಮ.

ಬಾಗಿಲ ಬಳಿ ಚೆಲ್ಲಿದ ನೀರನ್ನು ಕಲ್ಲು ಕುಡಿದು ಕಪ್ಪಾಯಿತು. ಷವರಿನ ಕೆಳಗೆ ಚೆಲ್ಲಿದ್ದು ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡುಗುಂಡಾಗಿ ನಿಂತಿತು. ಅವರು ಹನಿಹನಿಯಾಗಿ ಚಿಮುಕಿಸುತ್ತಾ ಹೋದರು. ನೀರು ಕುಡಿಯದ ಜಾಗ ಅರ್ಧಚಂದ್ರದ ಆಕಾರದಲ್ಲಿತ್ತು. ಅದರ ಒಳಅಂಚಿಗೆ ಅಂಟಿಕೊಂಡಂತೆ ಎರಡು ಪುಟ್ಟ ದುಂಡು ಗುರುತು. ಅಲ್ಲಿ ಮಾತ್ರ ಕಲ್ಲು ನೀರು ಕುಡಿಯಿತು.

ಮೂಲೆಯಲ್ಲಿದ್ದ ಸ್ಟೂಲು ತಂದು ಅದರ ಮುಂಗಾಲು ಅಲ್ಲಿಟ್ಟರು. ಸರಿಯಾಗಿ ಕೂತಿತು.

"ಮೇಸ್ತ್ರಿ, ನೀವಾದರೆ ಹೇಗೆ ಹಚ್ತೀರಿ?"

"ಕುಕ್ಕರಗಾಲಲ್ಲಿ. ಆ ಮೂಲೆಯಿಂದ ಶುರುಮಾಡಿ, ಹಿಂದೆ ಸರೀತಾ ಬಾಗಿಲ ತನಕ. ಒಂದಂಗುಲ ಬಿಡಲ್ಲ."

"ಹೌದು. ಈ ಸೋದರಳಿಯನಿಗೂ ನಿಮ್ಮ ಹಾಗೇ ಮಂಡಿ ಗಟ್ಟಿಯಾಗಿದೆ. ಇದನ್ನ ಹಚ್ಚಿದವರು ಬಾಗಿಲಿಗೆ ಬೆನ್ನು ಹಾಕಿ, ಸ್ಟೂಲಿನ ಮೇಲೆ ಕೂತೇ ಹಚ್ಚಿದಾರೆ. ಕೈಗೆಟುಕಿದಷ್ಟೇ. ಎದ್ದು ಹಾಗೇ ಹಿಂದಕ್ಕೆ ಸರಿದು ಹೊರಗೆ ಬಂದಿದಾರೆ. ನೆಲಕ್ಕೆ ಕೂರೋಕಾಗದವರು. ಎಲ್ಲರೂ ಎಷ್ಟು ಜಾರುತ್ತೆ ಅಂತ ನೋಡಿದ್ರಿ. ಎಲ್ಲಿ ಜಾರಲ್ಲ ಅಂತ ಯಾರೂ ನೋಡ್ಲಿಲ್ಲ."

ಅರ್ಧಚಂದ್ರದ ನಡುವೆ, ಹೊಳಪಿನ ಅಡಿಯಲ್ಲಿ, ಉಜ್ಜಿ ಉಜ್ಜಿ ಮಸುಕಾದ ಕಂದು ಕಲೆಯೊಂದಿತ್ತು. ಅದನ್ನು ಬೆರಳಿನಿಂದ ತೋರಿಸಿ ಅವರು ಮೆಲ್ಲನೆ ಕೇಳಿದರು:

"ಅಮ್ಮಾ, ಈ ಸೆಕೆಯಲ್ಲಿ ತಲೆಗೆ ಬಟ್ಟೆ ಯಾಕೆ?"

ಮೇಸ್ತ್ರಿ ತಿರುಗಿ ನೋಡಿದ.

ಚಿಕ್ಕಮ್ಮ ಗಂಟು ಬಿಚ್ಚಿದರು. ಬೈತಲೆಯ ಒಂದು ಪಕ್ಕ ಕಪ್ಪು ಕೂದಲು. ಇನ್ನೊಂದು ಪಕ್ಕ ಬೆಳ್ಳಗೆ.

"ಭಾನುವಾರ ಅಕ್ಕ ಹೊರಗೆ ಹೋಗಿದ್ಲು," ಎಂದರು. "ತಲೆಗೆ ಬಣ್ಣ ಹಚ್ಕೊಳ್ತಿದ್ದೆ, ಬಟ್ಟಲು ಕೈಜಾರ್ತು. ಬಣ್ಣ ಎಲ್ಲಾ ಕಲ್ಲಿನ ಮೇಲೆ. ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ. ಅವಳ ಕಲ್ಲು! ಅರವತ್ತಾರಕ್ಕೆ ಬಣ್ಣ ಬಳ್ಕೊಂಡ್ಯಾ ಅಂತ ಊರಿಗೆಲ್ಲಾ ಹೇಳಿ ನಗ್ತಿದ್ಲು. ಗೋಡೆ ಹೊಳೆಯೋ ಹಾಗೆ ಹೊಳೆದ್ರೆ ಕಲೆ ಕಾಣಲ್ಲ ಅಂದ್ಕೊಂಡೆ."

"ಮೇಸ್ತ್ರಿ ಮೇಲೆ ದೂರು ಹೋದಾಗ?"

"ಬಾಯಿ ಬರ್ಲಿಲ್ಲ... ಮೇಡಂ, ಅಕ್ಕ ಬದುಕ್ತಾಳಾ?"

"ಬೆಳಿಗ್ಗೆ ಕಣ್ಣು ಬಿಟ್ಟಿದಾರೆ. ಮೊದಲ ಮಾತೇ, ನನ್ನ ತಂಗಿ ಆ ಬಚ್ಚಲಿಗೆ ಕಾಲಿಡದ ಹಾಗೆ ನೋಡ್ಕೊಳ್ಳಿ ಅಂತ."

ಚಿಕ್ಕಮ್ಮ ಅದೇ ಸ್ಟೂಲಿನ ಮೇಲೆ ಕುಸಿದು ಕೂತರು. ಭುಜ ಕುಲುಕುವಂತೆ ಅತ್ತರು. ಸೋದರಳಿಯ ದೂರಿನ ನಕಲನ್ನು ಮಡಚಿ ಜೇಬಿಗಿಟ್ಟ. ಇನ್ಸ್‌ಪೆಕ್ಟರಮ್ಮ ಹೇಳಿಕೆ ಬರೆದುಕೊಂಡು ಮುಗಿಸಿದ ಮೇಲೆ ಚಿಕ್ಕಮ್ಮ ಮೇಸ್ತ್ರಿಯ ಕಡೆ ಕೈ ಮುಗಿದರು.

"ತಪ್ಪಾಯ್ತಪ್ಪಾ."

ಪರವಾಗಿಲ್ಲ ಎನ್ನುವ ಮಾತು ಮೇಸ್ತ್ರಿಯ ಬಾಯಿಗೆ ಬಂದಿತ್ತು. ಆದರೆ ಅವನು ಅದನ್ನು ನುಂಗಿಕೊಂಡ.

"ಮೂರು ದಿನದಿಂದ ನನ್ನ ಹೆಂಡತಿ ಬೀದಿಗೆ ಬಂದಿಲ್ಲ ಚಿಕ್ಕಮ್ಮ. ಕೊಲೆಗಾರನ ಹೆಂಡತಿ ಅಂತಾರೆ. ತಪ್ಪಾಯ್ತು ಅಂತ ನನಗೊಬ್ಬನಿಗೇ ಹೇಳಿ ಏನು ಬಂತು?"

ಚಿಕ್ಕಮ್ಮ ಕಣ್ಣೊರೆಸಿಕೊಂಡರು. ಮಂಡಿಯ ಮೇಲೆ ಕೈಯೂರಿ ಎದ್ದರು. ಸೋದರಳಿಯ ಸ್ಕಾರ್ಫ್ ಎತ್ತಿಕೊಡಲು ಬಗ್ಗಿದ.

"ಬೇಡ, ಬಿಡು," ಎಂದು ಅವರು ಚಪ್ಪಲಿ ಮೆಟ್ಟಿದರು. "ನಿಮ್ಮ ಬೀದಿ ಯಾವ ಕಡೆ ಮೇಸ್ತ್ರಿ? ನಡೀರಿ."