ಫ್ರೀಜರಿನಲ್ಲಿದ್ದ ಹಲಸು

ಫ್ರೀಜರಿನ ಕೆಂಪು ದೀಪ ಮತ್ತೆ ಮಿನುಗತೊಡಗಿದಾಗ ಶೋಭಿತಾ ಕೈಯಲ್ಲಿದ್ದ ಸೌಟು ಬಿಟ್ಟು ಅದರತ್ತ ಓಡಿದಳು. ಬೆಳಿಗ್ಗೆಯಿಂದ ಅದರದ್ದು ಇದೇ ಆಟ. ಗುರ್ರೆಂದು ಹೊರಡುವುದು, ಟಕ್ಕೆಂದು ಆರುವುದು. ನಿನ್ನೆಯ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಕರೆಂಟೂ ಇರಲಿಲ್ಲ.

ಕೊಡಗಿನ ಚೆಟ್ಟಳ್ಳಿಯ ಆಚೆ, ಪರಿಚಯದವರ ಎಸ್ಟೇಟಿನ ಕಾಫಿ ಕಣದಲ್ಲಿ ಅವಳ ಮೋಟರ್‌ಹೋಮ್ ನಿಂತಿತ್ತು. ಒಳಗೆ ಎರಡು ಮಂಚ, ಒಂದು ಒಲೆ, ಕಿಟಕಿಗೆ ಹೂವಿನ ಪರದೆ. ಅದೇ ಮನೆ, ಅದೇ ಹೋಟೆಲ್. ಹಗಲಲ್ಲಿ ಮಡಿಕೇರಿ ರಸ್ತೆಯ ಬದಿಗೆ ನಿಲ್ಲಿಸಿ ಟೂರಿಸ್ಟುಗಳಿಗೆ ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿಮಾಂಸದ ಪಂದಿ ಕರಿ ಬಡಿಸುವಳು. ಸಂಜೆ ಇಲ್ಲಿಗೆ ಬಂದು ಸೇರುವಳು.

"ಅವನನ್ನ ಕರೆದ್ಯಾ?" ಹಿಂದಿನ ಮಂಚದಿಂದ ತಾಯಿ ಪೊನ್ನಮ್ಮನ ದನಿ.

"ಫ್ರೀಜರ್ ರಿಪೇರಿಗೆ ಕರೆದೆ ಅವ್ವಾ."

"ನಾನೇನು ಬೇರೆ ಕಾರಣ ಹೇಳಿದ್ನಾ, ಕುಂಞಿ?"

ಮಗು ಎಂಬರ್ಥದ ಆ ಕುಂಞಿಯಲ್ಲಿ ಕೀಟಲೆಯಿತ್ತು. ಕಾಫಿ ಗಿಡಗಳ ಮಧ್ಯದ ದಾರಿಯಲ್ಲಿ ಜೀಪಿನ ಸದ್ದು ಕೇಳಿಸಿತು. ಕೈ ತಾನಾಗಿಯೇ ಕೂದಲು ಸರಿಮಾಡಿಕೊಂಡಿತು. ಅವಳಿಗೆ ತನ್ನ ಕೈಯ ಮೇಲೇ ಸಿಟ್ಟು ಬಂತು.

ಶಿವಪ್ರಕಾಶ್ ಶನಿವಾರಸಂತೆ ಕಡೆಯವನು. ಎಸ್ಟೇಟುಗಳ ಸೋಲಾರ್ ಬೇಲಿ ರಿಪೇರಿ ಅವನ ಕಸುಬು. ಆನೆ ತೋಟಕ್ಕೆ ಇಳಿದರೆ ಓಡಿಸುವ ತಂಡದಲ್ಲೂ ಅವನಿದ್ದ. ಮೊದಲನೆಯದು ಅವಳಿಗೆ ಅನುಕೂಲ. ಎರಡನೆಯದು ಗಂಟಲಿನ ಮುಳ್ಳು.

ಕಳೆದ ತಿಂಗಳು ವ್ಯಾನಿನ ಚಾವಣಿ ಹತ್ತಿ ಸೋಲಾರ್ ಪ್ಯಾನಲ್ ಒರೆಸುತ್ತ, ಕೆಳಗೆ ಏಣಿ ಹಿಡಿದು ನಿಂತವಳನ್ನು ನೋಡದೆಯೇ ಅವನು ಕೇಳಿದ್ದ: "ಶೋಭಿತಾ ಅವರೇ, ನಿಮ್ ಜೊತೆ ಬಾಳ್ಬೇಕು ಅನ್ಸುತ್ತೆ. ಏನಂತೀರಾ?" ಏಣಿ ಅಲುಗಿತ್ತು. "ಮೊದಲು ಇಳೀರಿ," ಎಂದಷ್ಟೇ ಅಂದಿದ್ದಳು. ಇಳಿದ ಮೇಲೂ ಉತ್ತರ ಕೊಟ್ಟಿರಲಿಲ್ಲ.

ಹೇಗೆ ಕೊಡುವುದು? ಅವಳು ಚಿಕ್ಕವಳಿದ್ದಾಗ ಅಪ್ಪ ಗದ್ದೆಗಿಳಿದ ಆನೆ ಓಡಿಸಲು ಟಾರ್ಚ್ ಹಿಡಿದು ಹೋಗಿದ್ದ. ಅವ್ವ ಹೊಸ್ತಿಲ ಮೇಲೆ ಕೂತು ಕಾದಿದ್ದಳು. ಬೆಳಕು ಹರಿದಾಗ ನಾಲ್ಕು ಜನ ಅಂಗಳಕ್ಕೆ ಬಂದರು. ಜೊತೆಯಲ್ಲಿ ಅಪ್ಪ ಇರಲಿಲ್ಲ. ಅವರ ಮುಖ ನೋಡಿಯೇ ಅವ್ವ ಎದ್ದು ನಿಂತಳು. ಹೊಸ್ತಿಲಿಲ್ಲದ ಮನೆ ಬೇಕೆಂದು ಶೋಭಿತಾ ಚಕ್ರದ ಮನೆ ಕಟ್ಟಿಸಿಕೊಂಡದ್ದು ಅದಕ್ಕೇ.

"ಏನ್ರೀ, ಏನಂತೆ ನಿಮ್ ಫ್ರೀಜರ್‌ಗೆ?" ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅವನು ಒಳಗೆ ಬಂದ. ಕಣ್ಣಂಚಿನಲ್ಲಿ ಅದೇ ನಗು.

"ಕೆಂಪು ದೀಪ. ಬ್ಯಾಟ್ರಿ ಫುಲ್ ತೋರಿಸ್ತದೆ. ಆದ್ರೂ ಆಫ್ ಆಗ್ತದೆ."

ಅವನು ಮೀಟರ್ ತೆಗೆದು ಬ್ಯಾಟರಿಗೆ ಮುಟ್ಟಿಸಿದ. ಸರಿಯಾಗಿತ್ತು. ಫ್ರೀಜರಿನ ಹಿಂದಿನ ವೈರಿಗೆ ಮುಟ್ಟಿಸಿದ. ಅಲ್ಲೂ ಸರಿ. "ಈಗ ಆನ್ ಮಾಡಿ," ಎಂದ. ಕಂಪ್ರೆಸರ್ ಗುರ್ರೆಂದ ಕೂಡಲೇ ಮೀಟರಿನ ಅಂಕಿ ದಡದಡ ಇಳಿದು, ಫ್ರೀಜರ್ ಆರಿತು.

"ನೋಡಿ ಇವ್ರೇ, ಬ್ಯಾಟ್ರಿ ಇಳೀಲಿಲ್ಲ, ಇಲ್ಲಿ ಮಾತ್ರ ಇಳೀತು. ಮಧ್ಯದಲ್ಲಿ ಎಲ್ಲೋ ಜಾಯಿಂಟ್ ಕೆಟ್ಟಿದೆ. ಸುಮ್ನಿದ್ದಾಗ ಎಲ್ಲಾ ಸರಿ ಅನ್ಸುತ್ತೆ. ಭಾರ ಬಿದ್ದಾಗ್ಲೇ ಗೊತ್ತಾಗೋದು."

"ಫ್ರೀಜರ್ ವಿಷ್ಯ ತಾನೆ?"

"ಮತ್ತೆ ಇನ್ಯಾವುದು?" ಅವನು ಮೀಟರಿನಿಂದ ಕಣ್ಣೆತ್ತಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

ಹಿಂದಿನಿಂದ ಪೊನ್ನಮ್ಮ ಸುಮ್ಮಸುಮ್ಮನೆ ಕೆಮ್ಮಿದಳು.

ಫ್ಯೂಸ್ ಕೂರಿಸುವ ಡಬ್ಬಿ ಮಂಚದಡಿ ಇತ್ತು. ಮುಟ್ಟಿದರೆ ಕಾದಿತ್ತು. ಒಳಗಿನ ತಾಮ್ರದ ತಂತಿ ಹಸಿರುಗಟ್ಟಿ, ಒಂದೆರಡು ಎಳೆಗಳ ಮೇಲೆ ನಿಂತಿತ್ತು. "ಸಿಕ್ತು ಕಳ್ಳ. ಕತ್ತರಿಸಿ ಹೊಸದು ಹಾಕ್ತೀನಿ. ಅಷ್ಟರಲ್ಲಿ ಒಳಗೆ ಏನೇನು ಕರಗಿದೆ ನೋಡಿ. ನೀವೇ ತೆಗೀರಿ. ನಾನು ಆ ಕಡೆ ತಿರುಗ್ತೀನಿ."

"ಯಾಕೆ?"

"ಹಂದಿ ಇರುತ್ತಲ್ರೀ ಒಳಗೆ. ನಮ್ಮನೇಲಿ ಈರುಳ್ಳೀನೇ ಕದ್ದು ತಿನ್ನೋದು."

ಅವನು ಎಷ್ಟು ಸಲ ಈ ವ್ಯಾನಿಗೆ ಬಂದಿದ್ದ! ಬರೀ ಕಾಫಿ ಕುಡಿದು ಹೋಗುತ್ತಿದ್ದ. ಅವನಿಗೆ ಮುಜುಗರವಾದೀತೆಂದು ಅವಳು ಏನನ್ನೂ ಕೊಡಲಿಲ್ಲ. ಅವಳಿಗೆ ಬೇಸರವಾದೀತೆಂದು ಅವನು ಏನನ್ನೂ ಕೇಳಲಿಲ್ಲ. ಆ ಮುಚ್ಚಳದ ಒಳಗೆ ಏನಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

ಶೋಭಿತಾ ಮುಚ್ಚಳ ಎತ್ತಿದಳು.

ವಾಸನೆ ಒಮ್ಮೆಲೇ ಎದ್ದು ವ್ಯಾನಿನ ತುಂಬ ಹರಡಿತು. ಜೇನಿನಂತೆ ದಟ್ಟ, ಮೂಗಿಗೆ ಅಂಟುವ ವಾಸನೆ. ಶಿವಪ್ರಕಾಶ್ ತಟ್ಟನೆ ತಿರುಗಿದ. ನಗು ಎಲ್ಲಿ ಹೋಯಿತೋ.

"ಹಲಸಾ?"

"ಮೈಸೂರಿನ ಐಸ್‌ಕ್ರೀಂನವರ ಆರ್ಡರ್. ತೊಳೆ ಬಿಡಿಸಿ ಇಟ್ಟಿದ್ದೆ. ಹಣ್ಣಿನ ವಾಸನೆಗೆ ಆನೆ ಬರ್ತದೆ, ಕೊಯ್ದುಬಿಡಿ ಅಂತ ನೀವೇ ಎಲ್ಲಾ ತೋಟದಲ್ಲಿ ಹೇಳಿದ್ರಲ್ಲ, ಆ ಹಣ್ಣೇ. ಗಟ್ಟಿಯಾಗಿದ್ರೆ ವಾಸನೆ ಬರಲ್ಲ ಅಂತ…" ಅವಳು ಒಂದೊಂದನ್ನೇ ಒತ್ತಿ ನೋಡಿದಳು. ಚೀಲಗಳೆಲ್ಲ ಮೆತ್ತಗಾಗಿದ್ದವು. ಬೆಳಿಗ್ಗೆಯಿಂದ ಅವಳು ಎಷ್ಟು ಸಲ ಮುಚ್ಚಳ ತೆಗೆದು ನೋಡಿದ್ದಳೋ.

"ಸಿಪ್ಪೆ ಎಲ್ಲಿ ಹಾಕಿದ್ರಿ?"

"ಕಣದ ಆ ತುದಿ. ಗೊಬ್ಬರದ ಗುಂಡಿಗೆ."

ಅವನ ಫೋನ್ ನಡುಗಿತು. ಆನೆ ಕಾವಲಿನ ಬೊಮ್ಮ. ದನಿ ಹೊರಗೂ ಕೇಳುವಷ್ಟು ಜೋರಿತ್ತು. "ಸರ್, ಒಂಟಿ ಸಲಗ ಕೆರೆ ಹತ್ರ ಇಲ್ಲ. ಕಣದ ಕಡೆ ಇಳಿದದೆ. ನೀವೆಲ್ಲಿದ್ದೀರಿ?"

ಅವನು ಉತ್ತರಿಸುವ ಮೊದಲೇ ಹೊರಗೆ ಕಾಫಿ ಗಿಡವೊಂದು ಲಟ್ಟೆಂದು ಮುರಿಯಿತು.

ಶೋಭಿತಾ ಪರದೆಯ ಸಂದಿನಿಂದ ನೋಡಿದಳು. ಸಂಜೆಯ ಬೂದು ಬೆಳಕಿನಲ್ಲಿ ಸಿಲ್ವರ್ ಓಕ್ ಮರದ ಕಾಂಡವೊಂದು ನಡೆದು ಬಂತು ಅನ್ನಿಸಿತು. ಕಾಂಡವಲ್ಲ, ಕಾಲು. ಅದರ ಮೇಲೆ ಕಿವಿ, ದಂತ, ಗಾಳಿಯನ್ನು ಹುಡುಕುತ್ತ ಮೇಲೆತ್ತಿದ ಸೊಂಡಿಲು. ಸೊಂಡಿಲು ವ್ಯಾನಿನ ಕಡೆಗೇ ತಿರುಗಿತ್ತು.

"ಹೊರಡೋಣ," ಅವಳ ತುಟಿ ಅಲುಗಿತು.

"ಬೇಡ. ಇಷ್ಟು ಹತ್ರದಲ್ಲಿ ಎಂಜಿನ್ ಸದ್ದಾದ್ರೆ ಮೇಲೇ ಬೀಳುತ್ತೆ. ಮುಚ್ಚಳ ಹಾಕಿ. ಮೆಲ್ಲಗೆ."

ಅವಳು ಮುಚ್ಚಿದಳು. ವಾಸನೆ ಹೋಗಲಿಲ್ಲ. ಅವಳ ಕೈಯಲ್ಲಿತ್ತು, ಸೆರಗಿನಲ್ಲಿತ್ತು, ಉಸಿರಿನಲ್ಲಿತ್ತು. ಹಿಂದಿನ ಮಂಚದಲ್ಲಿ ಪೊನ್ನಮ್ಮ ಗೋಡೆಗೆ ಒತ್ತಿಕೊಂಡು ಕೂತಿದ್ದಳು. ಅವಳ ಕಣ್ಣಲ್ಲಿ ಬಹಳ ಹಳೆಯ ಬೆಳಗೊಂದು ಮರಳಿ ಬಂದಿತ್ತು.

ವ್ಯಾನ್ ಒಮ್ಮೆ ಅಲುಗಿತು. ಚಾವಣಿಯ ಗಾಳಿಕಿಂಡಿಯ ಹತ್ತಿರ ಸರಸರ ಸದ್ದು. ಒಂದು ಬಿಸಿ ಉಸಿರು ಒಳಗೆ ಬಂತು.

ಶಿವಪ್ರಕಾಶ್ ಮೆಲ್ಲಗೆ ಎದ್ದು ಎರಡು ಚೀಲ ಕೈಗೆ ತೆಗೆದುಕೊಂಡ. "ಆ ಕಡೆ ಬಾಗಿಲಿಂದ ಇಳೀತೀನಿ. ಗುಂಡಿ ಕಡೆ ಎಸೆದ್ರೆ ಅದು ಹಿಂದೇನೇ ಬರುತ್ತೆ. ನೀವಿಬ್ರೂ—"

ಅವಳು ಅವನ ತೋಳು ಹಿಡಿದಳು. ಎರಡೂ ಕೈಯಿಂದ. "ಇಲ್ಲ."

"ಶೋಭಿತಾ."

ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು 'ಅವರೇ' ಇಲ್ಲದೆ ಬಂದಿತ್ತು. ಬೇರೆ ಹೊತ್ತಿನಲ್ಲಾದರೆ ಅದನ್ನು ನೆನೆನೆನೆದು ನಗುತ್ತಿದ್ದಳೇನೋ.

"ನಮ್ಮಪ್ಪನೂ ಹೀಗೇ ಇಳಿದದ್ದು. ನೀವು ಇಳಿದ್ರೆ ನಾನೂ ಇಳಿತೇನೆ. ಒಳಗೆ ಕೂತು ಕಾಯೋದು ಮಾತ್ರ ನನ್ನಿಂದ ಆಗಲ್ಲ."

ಅವನು ಅವಳ ಮುಖ ನೋಡಿದ. ಅವಳ ಬೆರಳುಗಳು ಅವನ ಅಂಗಿಯಲ್ಲಿ ನಡುಗುತ್ತಿದ್ದವು. ನಡುಗುತ್ತಿದ್ದುದು ಅವಳ ಕೈ ಮಾತ್ರವಲ್ಲ ಎಂದು ಆಗ ಅವಳಿಗೆ ತಿಳಿಯಿತು. ಅವನಿಗೂ ಹೆದರಿಕೆ! ಆನೆ ಓಡಿಸುವವನಿಗೆ ಹೆದರಿಕೆಯೇ ಇಲ್ಲವೆಂದು ಇಷ್ಟು ದಿನ ಅಂದುಕೊಂಡಿದ್ದಳು. ಹೆದರದವನನ್ನು ನಂಬುವುದು ಹೇಗೆಂಬುದೇ ಅವಳ ಚಿಂತೆಯಾಗಿತ್ತು.

ಅವನು ಚೀಲ ಕೆಳಗಿಟ್ಟ. ನೆಲದ ಮೇಲೆ ಕೂತ. ಅವಳೂ ಪಕ್ಕದಲ್ಲಿ ಕೂತಳು. ಅವನ ಹೆಗಲು ಅವಳ ಹೆಗಲಿಗೆ ತಾಗಿತು. ಯಾರೂ ಸರಿಯಲಿಲ್ಲ.

ಹೊರಗೆ ಉಸಿರು. ಮತ್ತೆ ಉಸಿರು. ಆಮೇಲೆ ಜಲ್ಲಿಕಲ್ಲು ಕರಕರ ಎಂದಿತು. ಭಾರವಾದ ಹೆಜ್ಜೆಗಳು ಕಣದ ಆ ತುದಿಗೆ ಹೋದವು. ಗೊಬ್ಬರದ ಗುಂಡಿಯಿಂದ ಸಿಪ್ಪೆ ಜಗಿಯುವ ಚಪಚಪ ಸದ್ದು ಸುಮಾರು ಹೊತ್ತು ಬಂತು. ಕೊನೆಗೆ ಗಿಡಗಳು ಬಾಗಿ, ಮತ್ತೆ ಎದ್ದು ನಿಂತವು. ಜೀರುಂಡೆಗಳು ಕೂಗತೊಡಗಿದವು.

"ಹೋಯ್ತು," ಎಂದಳು ಪೊನ್ನಮ್ಮ. "ಇಬ್ಬರೂ ಉಸಿರಾಡಿ ಇನ್ನು. ಎದ್ದು ಕೆಲಸ ನೋಡಿ. ಏಳದಿದ್ರೂ ನಾನೇನು ನೋಡ್ತಾ ಇಲ್ಲ."

ಅವನು ಹೊಸ ಫ್ಯೂಸ್ ಡಬ್ಬಿ ಕೂರಿಸಿದ. ಶೋಭಿತಾ ಟಾರ್ಚ್ ಹಿಡಿದಳು. ಸ್ವಿಚ್ ಹಾಕಿದಾಗ ಕಂಪ್ರೆಸರ್ ಗುರ್ರೆಂದಿತು. ಮೀಟರಿನ ಅಂಕಿ ಸ್ವಲ್ಪ ಬಾಗಿ ಹಾಗೇ ನಿಂತಿತು. ಹಸಿರು ದೀಪ.

ಮತ್ತೆ ಫೋನ್. ಸಲಗ ಕೂಲಿಯವರ ಲೈನ್ ಮನೆಗಳ ಕಡೆ ತಿರುಗಿದೆ, ಜೀಪ್ ಬೇಕು, ಬನ್ನಿ ಎಂದ ಬೊಮ್ಮ.

ಶಿವಪ್ರಕಾಶ್ ಎದ್ದ. ಕೂಡಲೇ ಹೊರಡಲಿಲ್ಲ. "ಅಲ್ಲಿ ಮಕ್ಕಳಿದ್ದಾರೆ ಕಣ್ರೀ. ಹೋಗಲೇಬೇಕು."

"ಗೊತ್ತು."

"ಕೋಪಾನಾ?"

"ಹೆದರಿಕೆ." ಅವಳು ಚೀಲವೊಂದರಿಂದ ಅರ್ಧ ಕರಗಿದ ತೊಳೆಯೊಂದನ್ನು ತೆಗೆದು ಅವನತ್ತ ಚಾಚಿದಳು. "ಪಂದಿ ಮುಟ್ಟಿದ ಡಬ್ಬಿ ಅಲ್ಲ. ಬೇರೆ ಚೂರಿ, ಬೇರೆ ಪಾತ್ರೆ. ತಿಂತೀರಾ?"

ಅವನು ತಿಂದ. ಕಣ್ಣು ಮುಚ್ಚಿ, ನಿಧಾನವಾಗಿ. "ಆನೆ ಬಂದಿದ್ದು ತಪ್ಪೇನಿಲ್ಲ," ಎಂದ.

ಅವಳಿಗೆ ನಗು ಬಂತು. ಅದರ ಜೊತೆ ಅಳುವೂ ಬಂತು. "ಹೊಸ್ತಿಲ ಮೇಲೆ ಕೂತು ಕಾಯೋ ಹೆಂಡತಿ ನಾನಾಗಲ್ಲ ಶಿವಪ್ರಕಾಶ್. ನನ್ನ ಮನೆಗೆ ಚಕ್ರ ಉಂಟು. ನೀವು ಹೋದ ಕಡೆ ಟಾರ್ ರೋಡ್ ತನಕ ಬಂದು ನಿಲ್ತೇನೆ, ಲೈಟ್ ಹಾಕಿ. ಪ್ರತಿ ಸಲ. ಒಪ್ಪಿಗೆ ಇದ್ರೆ ನನ್ನ ಉತ್ತರ ಹೂಂ."

ಅವನು ತಲೆಯಾಡಿಸಿದ. ಹಲಸಿನ ಅಂಟು ಹತ್ತಿದ ಬೆರಳುಗಳಿಂದ ಅವಳ ಬೆರಳು ಹಿಡಿದ. ಬಿಡಿಸಿಕೊಳ್ಳಲು ಇಬ್ಬರಿಗೂ ಸ್ವಲ್ಪ ಹೊತ್ತು ಬೇಕಾಯಿತು.

"ಕೆಲಸ ಮುಗಿದ ಕೂಡಲೇ ಎರಡು ಹಾರ್ನ್ ಹೊಡೀತೀನಿ," ಎಂದು ಜೀಪಿಗೆ ಓಡಿದ.

ಶೋಭಿತಾ ಜೀಪಿನ ಹಿಂದೆಯೇ ವ್ಯಾನ್ ಓಡಿಸಿದಳು. ಲೈನ್ ಮನೆಗಳ ತಿರುವಿನಲ್ಲಿ ಅದರ ಕೆಂಪು ದೀಪಗಳು ಎಡಕ್ಕೆ ಹೊರಳಿ ಮಾಯವಾದವು. ಅವಳು ಟಾರ್ ರೋಡಿಗೆ ಹತ್ತಿ, ತೋಟದ ಕಡೆ ಮುಖ ಮಾಡಿ ನಿಲ್ಲಿಸಿ, ಹೆಡ್‌ಲೈಟ್ ಉರಿಸಿದಳು. ಪೊನ್ನಮ್ಮ ಬಂದು ಪಕ್ಕದ ಸೀಟಿನಲ್ಲಿ ಕೂತು ಅವಳ ತೊಡೆಯ ಮೇಲೆ ಕೈಯಿಟ್ಟಳು. ಹಿಂದೆ ಫ್ರೀಜರ್ ನಿಲ್ಲದೆ ಗುರುಗುಡುತ್ತಿತ್ತು.

ದೂರದಲ್ಲಿ ಪಟಾಕಿ ಸಿಡಿಯಿತು. ಯಾರೋ ಕೂಗಿದರು. ಆಮೇಲೆ ಏನೂ ಇಲ್ಲ. ಅವಳು ಹೆಡ್‌ಲೈಟ್ ಒಮ್ಮೆ ಆರಿಸಿ ಮತ್ತೆ ಹೊತ್ತಿಸಿದಳು.

ಆಗ ಕಾಫಿ ತೋಟದ ಒಳಗಿನಿಂದ, ಒಂದು ಹಾರ್ನ್. ತಡೆದು, ಇನ್ನೊಂದು.

ಪೊನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೂತು ಕೇಳಿದ್ದು ಸಾಕು ಕುಂಞಿ. ಉತ್ತರ ಕೊಡು."

ಹೆದರಿಕೆ ಇನ್ನೂ ಕೈಯಲ್ಲೇ ಇತ್ತು. ಆ ಕೈಯನ್ನೇ ಹಾರ್ನಿನ ಮೇಲಿಟ್ಟು ಶೋಭಿತಾ ಜೋರಾಗಿ ಒತ್ತಿದಳು.