ಕಾವೇರಮ್ಮ ಅಲ್ಲದ ಕಾವೇರಮ್ಮ

ಜೆಸಿಬಿಯ ಬಕೆಟ್ ನನ್ನ ಮೂಗಿನಿಂದ ಎರಡಡಿ ದೂರದಲ್ಲಿ ನಿಂತಿತು.

"ಮೇಡಂ, ಪಕ್ಕಕ್ಕೆ ಬನ್ನಿ!" ಡ್ರೈವರ್ ಕೂಗಿದ.

"ಬರಲ್ಲ ಕಣಯ್ಯ! ಹೊಡೀತೀಯಾ? ಹೊಡಿ!"

ಧೈರ್ಯ ಎಂದು ತಿಳಿಯಬೇಡಿ. ಕಾಲು ಗಡಗಡ ನಡುಗುತ್ತಿತ್ತು. ಸೀರೆ ಉಟ್ಟಿದ್ದೆ, ಯಾರಿಗೂ ಕಾಣಲಿಲ್ಲ ಅಷ್ಟೆ.

ನಾನು ಸುಚಿತ್ರಾ. ತಾಲೂಕು ಆಫೀಸಿನ ಗೇಟಿನ ಪಕ್ಕ ಒಂದು ಟೇಬಲ್, ಒಂದು ಲ್ಯಾಪ್‌ಟಾಪ್, ಒಂದು ದೊಡ್ಡ ಛತ್ರಿ. ಹದಿನಾಲ್ಕು ವರ್ಷದಿಂದ ಜನರ ಅರ್ಜಿ ಬರೆಯುತ್ತಿದ್ದೇನೆ. ಸತ್ತಿದ್ದಾರೆ ಎಂದು ಕಂಪ್ಯೂಟರ್ ಬರೆದುಕೊಂಡಿದ್ದ ಏಳು ಜನರನ್ನು ಬದುಕಿಸಿದ್ದೇನೆ. ಒಬ್ಬ ಗಂಡಸಿಗೆ ತಿಂಗಳಾ ತಿಂಗಳಾ ಬಸುರಿಯರ ಪೌಷ್ಟಿಕ ಆಹಾರ ಬರುತ್ತಿತ್ತು. ಅದನ್ನು ನಿಲ್ಲಿಸಲು ಎರಡು ವರ್ಷ ಹಿಡಿಯಿತು, ಅವನು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಯಾವ ತಾಲೂಕು ಎಂದು ಮಾತ್ರ ಕೇಳಬೇಡಿ. ನಾನು ಅಲ್ಲೇ ಬದುಕಬೇಕು.

ಬೆನ್ನ ಹಿಂದೆ ಹೆಂಚಿನ ಮನೆ. ಹೊಸ್ತಿಲ ಮೇಲೆ ಕಾವೇರಮ್ಮಜ್ಜಿ. ಎಪ್ಪತ್ತೊಂದು ವರ್ಷ. ಉಯ್ಯಂಬಳ್ಳಿ ಕಡೆಯ ಹೆಣ್ಣು. ನಲವತ್ತು ವರ್ಷ ಕುದಿಯುವ ನೀರಿಗೆ ಕೈ ಹಾಕಿ ರೇಷ್ಮೆಗೂಡಿನಿಂದ ನೂಲು ಬಿಚ್ಚಿ, ಆ ದುಡಿಮೆಯಲ್ಲಿ ಕಟ್ಟಿಸಿದ ಮನೆ ಇದು. ಗಂಡ ಇಲ್ಲ, ಮಕ್ಕಳಿಲ್ಲ. ಇರುವುದು ಇದೊಂದೇ.

ರೆವಿನ್ಯೂ ಇನ್ಸ್‌ಪೆಕ್ಟರ್ ಅಶ್ವಥ್ ಫೈಲು ಬಿಚ್ಚಿದ.

"ಕಾವೇರಮ್ಮ ಕೋಂ ಲೇಟ್ ಬೋರಲಿಂಗಯ್ಯ. ರಾಜಕಾಲುವೆ ಒತ್ತುವರಿ. ಆರ್ಡರ್ ಆಗಿದೆ."

"ಕಾಲುವೆ ಎಲ್ಲೈತೆ ಸಾರ್ ಇಲ್ಲಿ?"

ಅಶ್ವಥ್ ಸುತ್ತ ಕಣ್ಣಾಡಿಸಿದ. ಒಂದು ನಲ್ಲಿ ಇತ್ತು. ಒಂದು ಹುಣಸೆಮರ ಇತ್ತು. ಕಾಲುವೆ ಇರಲಿಲ್ಲ.

"ಕಾಲುವೆ ಹುಡುಕೋದು ನನ್ನ ಡ್ಯೂಟಿ ಅಲ್ಲ ಮೇಡಂ. ಕಾವೇರಮ್ಮನ ಮನೆ ಕೆಡವೋದು!"

ಆಗಿದ್ದು ಇಷ್ಟು. ಊರಿನಲ್ಲಿ ಇಬ್ಬರು ಕಾವೇರಮ್ಮ. ಇಬ್ಬರ ಗಂಡಂದಿರೂ ಬೋರಲಿಂಗಯ್ಯ. ಇಬ್ಬರು ಬೋರಲಿಂಗಯ್ಯಂದಿರೂ ತೀರಿಕೊಂಡಿದ್ದಾರೆ. ಎರಡನೆಯ ಕಾವೇರಮ್ಮನ ಮಗ ದೇವರಾಜು. ಅಮ್ಮನ ಹೆಸರಿನಲ್ಲಿ ಹೈವೇ ಪಕ್ಕ, ಕಾಲುವೆಯ ಮೇಲೆಯೇ ಪಾರ್ಟಿ ಹಾಲ್ ಎಬ್ಬಿಸಿದ್ದ. ನೋಟಿಸ್ ತಯಾರು ಮಾಡಿದ ಪುಣ್ಯಾತ್ಮ ಲಿಸ್ಟಿನಲ್ಲಿ ಮೇಲಿದ್ದ ಕಾವೇರಮ್ಮನನ್ನು ಕ್ಲಿಕ್ ಮಾಡಿದ. ಅಡ್ರೆಸ್ ತಾನಾಗೇ ಬಂದು ಕೂತಿತು! ಅಜ್ಜಿಯ ಮನೆ ಬಿದ್ದರೆ ಫೈಲು ಕ್ಲೋಸ್, ದೇವರಾಜುವಿನ ಹಾಲ್ ಸೇಫ್.

"ಒಂದ್ ಗಂಟೆ ಟೈಮ್ ಕೊಡಿ ಸಾರ್."

"ಹನ್ನೆರಡೂವರೆ. ಊಟ ಆದ್ಮೇಲೆ ಜೆಸಿಬಿ ಮಾಗಡಿ ಕಡೆ ಹೋಗ್ಬೇಕು. ಆಫೀಸಿಂದ ಪೇಪರ್ ತನ್ನಿ. ಬಾಯಿಮಾತು ನಡೆಯಲ್ಲ."

ಗಂಟೆ ಹನ್ನೊಂದು ಇಪ್ಪತ್ತು.

"ಅಜ್ಜಿ, ಗಾಡಿ ಹತ್ತು!"

"ಒಲೆ ಮ್ಯಾಗೆ ಸಾರೈತಲ್ಲವ್ವ..."

"ಮನೆ ಉಳಿದ್ರೆ ಸಾರು! ಹತ್ತು!"

ಸ್ಕೂಟರ್ ಮೇನ್ ರೋಡಿಗೆ ಬಿತ್ತು. ಕನ್ನಡಿಯಲ್ಲಿ ಕಪ್ಪು ಕಾರು ಕಂಡಿತು. ಹತ್ತಿರ ಬಂತು... ಇನ್ನೂ ಹತ್ತಿರ... ಸರಕ್ಕನೆ ಅಡ್ಡ ನಿಂತಿತು!

ಗಾಜು ಇಳಿಯಿತು. ದೇವರಾಜು.

"ಏನಮ್ಮ, ಭಾರೀ ಅರ್ಜೆಂಟು?"

"ಸೈಡ್ ಬುಡಣ್ಣ."

"ಒಂದು ಹಳೇ ಹೆಂಚಿನ ಮನೆಗೆ ಯಾಕಿಂಗ್ ಒದ್ದಾಡ್ತಿದ್ದೀಯ? ಮುದುಕಿಗೆ ಎಲ್ಲಾದ್ರೂ ಒಂದು ರೂಮ್ ನಾನೇ ಕೊಡಿಸ್ತೀನಿ. ಸುಮ್ನೆ ವಾಪಸ್ ಹೋಗು. ಇಲ್ದಿದ್ರೆ ನಾಳೆ ಗೇಟ್ ತಾವ ನಿನ್ ಟೇಬಲ್ ಇರಕ್ಕಿಲ್ಲ... ನೀನೂ ಇರಕ್ಕಿಲ್ಲ!"

ಅಜ್ಜಿ ನನ್ನ ಭುಜದ ಮೇಲಿಂದ ಕತ್ತು ಚಾಚಿದಳು.

"ಲೋ ದೇವ್ರಾಜ! ನಿಮ್ಮಪ್ಪ ನಮ್ಮನೆ ಮುದ್ದೆ ಉಂಡೋನು ಕಣ್ಲಾ! ನಾಚ್ಕೆ ಆಗಕ್ಕಿಲ್ವೇನ್ಲಾ ನಿಂಗೆ?"

ಅವನು ಬಾಗಿಲು ತೆಗೆಯುವಷ್ಟರಲ್ಲಿ ನಾನು ಹ್ಯಾಂಡಲ್ ತಿರುಗಿಸಿದೆ. ಗೊಂಬೆ ಮಾಡುವವರ ಓಣಿ. ಎರಡೂ ಕಡೆ ಲೇತ್ ಮಿಷನ್ನು, ನಡುವೆ ಮರದ ಹೊಟ್ಟು. ಒಣಗಲು ಇಟ್ಟಿದ್ದ ಬುಗುರಿಗಳು ಚಕ್ರಕ್ಕೆ ಸಿಕ್ಕಿ ದಿಕ್ಕಾಪಾಲಾದವು. "ಯಾವಳೇ ಅವ್ಳು!" ಎಂದು ಯಾರೋ ಬೈದರು. ಹಿಂದೆ ಧಡ್ ಎಂದಿತು. ತಿರುಗಿ ನೋಡಿದೆ. ಕಾರು ಎರಡು ಗೋಡೆಗಳ ಮಧ್ಯೆ ಸಿಕ್ಕಿಕೊಂಡಿತ್ತು, ಒಂದು ಕಡೆಯ ಕನ್ನಡಿ ಕಿತ್ತು ಬಿದ್ದಿತ್ತು. ಆಹಾ!

ಹನ್ನೊಂದು ಐವತ್ತಕ್ಕೆ ಶಿರಸ್ತೇದಾರ್ ಲಕ್ಷ್ಮಯ್ಯನವರ ಟೇಬಲ್ ಮುಂದೆ ನಿಂತಿದ್ದೆವು.

"ಆಬ್ಜೆಕ್ಷನ್ನಾ? ಕೊಡಿ. ಆದ್ರೆ ಮೊದ್ಲು ಹೆಬ್ಬೆಟ್ಟು."

ಅಜ್ಜಿ ಮಿಷನ್ ಮೇಲೆ ಹೆಬ್ಬೆರಳಿಟ್ಟಳು. ಕೆಂಪು ದೀಪ. ತೋರುಬೆರಳು. ಕೆಂಪು. ನಡುಬೆರಳು. ಕೆಂಪು!

"ಕೈ ಒರೆಸ್ಕೊಳಮ್ಮ."

"ಒರೆಸ್ದೆ ಸ್ವಾಮಿ. ಗೆರೆ ಎಲ್ಲಾನೂ ಗೂಡಿನ ನೀರು ತಿಂದಾಕ್ಬುಟ್ಟದೆ."

ಆ ಬೆರಳುಗಳನ್ನು ನಾನು ಅಂದು ಸರಿಯಾಗಿ ನೋಡಿದೆ. ನುಣ್ಣಗೆ, ಬೆಳ್ಳಗೆ. ಒಂದೇ ಒಂದು ಗೆರೆ ಇರಲಿಲ್ಲ. ಹತ್ತನೆಯ ಬೆರಳಿಗೂ ಕೆಂಪು ದೀಪವೇ.

"ಕಣ್ಣಿನ ಮಿಷನ್ ಐತಲ್ಲ ಸಾರ್?"

"ರಿಪೇರಿಗೆ ಹೋಗಿದೆ."

"ಯಾವಾಗ ಕೆಡ್ತು?"

"ಬಂದ ದಿನಾನೇ."

"ಸಾರ್, ಇವರನ್ನ ನೀವೇ ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೀರಿ!"

"ನಾನು ನೋಡಿದ್ದೀನಿ. ಸಿಸ್ಟಮ್ ನೋಡಿಲ್ವಲ್ಲ. ಈಯಮ್ಮ ಕಾವೇರಮ್ಮ ಅಂತ ಪ್ರೂವ್ ಆಗ್ತಿಲ್ಲ. ಆಬ್ಜೆಕ್ಷನ್ ರಿಜೆಕ್ಟ್!"

ಮನೆ ಕೆಡವುವಾಗ ಇವಳು ಕಾವೇರಮ್ಮ. ಬೇಡ ಎನ್ನಲು ಬಂದರೆ ಕಾವೇರಮ್ಮ ಅಲ್ಲ! ಟೇಬಲ್ ಗುದ್ದಬೇಕು ಎಂದು ಕೈ ಎತ್ತಿದೆ...

ಎತ್ತಿದ ಕೈ ಹಾಗೇ ನಿಂತಿತು.

ಕೈ ಇಳಿಸಿದೆ.

"ಸಾರ್," ಎಂದೆ, ಮೆಲ್ಲಗೆ. "ಹಂಗಾದ್ರೆ ಇವರು ಕಾವೇರಮ್ಮ ಅಲ್ಲ?"

"ನಮ್ಮ ರೆಕಾರ್ಡ್ ಪ್ರಕಾರ ಅಲ್ಲ."

"ಗ್ಯಾರಂಟಿ?"

"ಮಿಷನ್ ಸುಳ್ಳು ಹೇಳುತ್ತೇನ್ರೀ?"

"ಅದನ್ನೇ ಒಸಿ ಬರೆದು ಕೊಡಿ ಸಾರ್. ಹಿಂಬರಹ. ಸೀಲು ಸಮೇತ."

ಆಗಲ್ಲ, ಇಲ್ಲ, ಅಲ್ಲ ಎಂದು ಬರೆದುಕೊಡುವುದೆಂದರೆ ಲಕ್ಷ್ಮಯ್ಯನವರಿಗೆ ಪ್ರಾಣ. ಪೆನ್ನು ತೆಗೆದರು. 'ಸದರಿ ವಿಳಾಸದ ಮನೆಯಲ್ಲಿ ವಾಸವಿರುವ ಮಹಿಳೆಯು ಕಾವೇರಮ್ಮ ಕೋಂ ಲೇಟ್ ಬೋರಲಿಂಗಯ್ಯ ಎಂಬುವರಲ್ಲವೆಂದು ಬೆರಳಚ್ಚು ಪರಿಶೀಲನೆಯಿಂದ ಕಂಡುಬಂದಿರುತ್ತದೆ.' ಸೀಲು ದಪ್ಪನೆ ಬಿತ್ತು.

ಹೊರಗೆ ಮೆಟ್ಟಿಲ ಮೇಲೆ ಅಜ್ಜಿ ಕೇಳಿದಳು. "ಏನಂತ ಬರೆದವ್ರವ್ವ?"

ಹೇಳಿದೆ. ಅವಳು ಅಲ್ಲೇ ಕೂತುಬಿಟ್ಟಳು.

"ಹಂಗಾರೆ ನಾನ್ಯಾರವ್ವ?"

ಹದಿನಾಲ್ಕು ವರ್ಷದಲ್ಲಿ ಎಷ್ಟೋ ಜನ ನನ್ನ ಮುಂದೆ ಅತ್ತಿದ್ದಾರೆ. ನಾನು ಅತ್ತವಳಲ್ಲ. ಅಂದು ಕಣ್ಣು ತುಂಬಿಬಂತು, ಹೇಳಲು ನಾಚಿಕೆಯೇನಿಲ್ಲ.

"ಇವತ್ತು ಮನೆ ಉಳಿಸ್ಕೊಳ್ಳಾನ ಅಜ್ಜಿ. ನಿನ್ನನ್ನ ಆಮೇಲೆ ಹುಡುಕಾನ. ಏಳು!"

ಹನ್ನೆರಡು ಮೂವತ್ತೆರಡು. ಬಕೆಟ್ ಸೂರು ಮುಟ್ಟಿತ್ತು. ಎರಡು ಹೆಂಚು ಜಾರಿ ನೆಲಕ್ಕೆ ಬಿದ್ದು ಚೂರಾದವು.

"ನಿಲ್ಸೋ!" ಪೇಪರ್ ಹಿಡಿದು ನುಗ್ಗಿದೆ.

ಅಶ್ವಥ್ ಓದಿದ. ಮತ್ತೆ ಓದಿದ. ಅಜ್ಜಿಯ ಮುಖ ನೋಡಿದ.

"ಆದ್ರೆ... ಇವರು ಕಾವೇರಮ್ಮನೇ ತಾನೇ?"

"ಸಾರ್! ಸರ್ಕಾರದ ಸೀಲು ಐತೆ! ಕಾವೇರಮ್ಮ ಅಲ್ಲದೋರ ಮನೆ ಕೆಡವಿದ್ರೆ ಸಸ್ಪೆಂಡ್ ಆಗೋದು ನಾನಲ್ಲ!"

ಅವನು ಹಣೆ ಒರೆಸಿಕೊಂಡ. "ಈಗೇನ್ರೀ ಮಾಡ್ಲಿ? ಇವತ್ತು ಒಬ್ರು ಕಾವೇರಮ್ಮಂದು ಕೆಡವಿ ರಿಪೋರ್ಟ್ ಹಾಕ್ಲೇಬೇಕು!"

"ಲಿಸ್ಟಲ್ಲಿ ಒಂದ್ ಗೆರೆ ಕೆಳಗೆ ನೋಡಿ."

ನೋಡಿದ. ಜೆಸಿಬಿ ಹಿಂದಕ್ಕೆ ಸರಿಯಿತು, ತಿರುಗಿತು, ಹೈವೇ ಕಡೆ ಹೊರಟಿತು. ಅಜ್ಜಿ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಸಾರು ಸೀದಿತ್ತು. ಅದನ್ನೇ ಇಬ್ಬರೂ ಉಂಡೆವು.

ಮೂರು ಗಂಟೆಗೆ ನಾನು ಮತ್ತೆ ಛತ್ರಿಯ ಕೆಳಗಿದ್ದೆ. ಹೊಸ ಅರ್ಜಿ ಟೈಪ್ ಮಾಡುತ್ತಿದ್ದೆ. ವಿಷಯ: ನಾನು ನಾನೇ ಎಂದು ದಾಖಲಿಸಿಕೊಳ್ಳುವ ಬಗ್ಗೆ. ಅಜ್ಜಿ ಪಕ್ಕದಲ್ಲಿ ಕೂತಿದ್ದಳು. ಇದಕ್ಕೆ ಎಷ್ಟು ವರ್ಷ ಹಿಡಿಯುತ್ತದೋ, ಅವಳಿಗೆ ನಾನು ಹೇಳಲಿಲ್ಲ.

ಒಂದೇ ಕನ್ನಡಿಯ ಕಪ್ಪು ಕಾರು ಬಂದು ನಿಂತಿತು.

ದೇವರಾಜು ಇಳಿದ. ಅಂಗಿಯ ತುಂಬ ಸಿಮೆಂಟಿನ ಧೂಳು. ಹಿಂದಿನ ಸೀಟಿನಲ್ಲಿ ಅವನ ಅಮ್ಮ, ಎರಡೂ ಕೈ ತುಂಬ ಚಿನ್ನದ ಬಳೆ.

"ಸುಚಿತ್ರಕ್ಕ..." ದನಿ ಈಗ ಬೆಣ್ಣೆ. "ಕಾಂಪೌಂಡ್ ಬೀಳಿಸ್ಬುಟ್ರು. ಹಾಲ್‌ಗೆ ಐದ್ ಗಂಟೆವರ್ಗೂ ಟೈಮ್ ಕೊಟ್ಟವ್ರೆ. ನಮ್ಮಮ್ಮಂಗೂ ಅಂಥದ್ದೇ ಒಂದು ಪೇಪರ್ ಮಾಡಿಸ್ಕೊಡಕ್ಕ. ಕಾವೇರಮ್ಮ ಅಲ್ಲ ಅಂತ!"

ನಾನು ಎದ್ದು ಕಾರಿನ ಕಿಟಕಿಯಿಂದ ಆಯಮ್ಮನ ಕೈ ನೋಡಿ ಬಂದು ಕೂತೆ.

"ಆಗಕ್ಕಿಲ್ಲ ಕಣಣ್ಣ. ನಿಮ್ಮಮ್ಮನ ಬೆರಳು ಯಾವತ್ತೂ ಬಿಸಿನೀರಿಗೆ ಇಳಿದಿಲ್ಲ... ಮೊದಲನೇದೇ ಮ್ಯಾಚ್ ಆಗೋಯ್ತದೆ!"